ಎರೆಭೂಮಿಯ ಮೇಲೆ ಕೃತಕ ಹುಲ್ಲುಹಾಸು

ಬೇಸಗೆಯ ಕೊನೆಯಲ್ಲಿ ಎರೆಹೊಲವು ಬಿರಿದಿರುವುದನ್ನು ವಾಚಕರು ಕಂಡೇ ಇರುತ್ತಾರೆ. ಕೈ ಇಳಿಯುವಷ್ಟು ಅಗಲವಾದ, ಕೋಲನ್ನಿಳಿಸಿದರೆ ತಳ ಸಿಕ್ಕದಂಥ ಬಿರುಕುಗಳವು. ಮುಂಗಾರಿನ ನಾಲ್ಕು ಹದಮಳೆಗಳಾದ ಮೇಲೆ ಹೋಗಿ ನೋಡಿದರೆ ಒಂದೂ ಕಾಣದು. ನೆಲ ಉಬ್ಬಿ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಿರುತ್ತದೆ. ಒಕ್ಕಲಿಗನಿಗೆ ಇದರಿಂದ ಉಪಕಾರವೇ ಉಂಟು. ಮೇಲಣ ಮಣ್ಣು ಬಿರುಕಿನೊಳಕ್ಕೆ ಉದುರಿ, ಕೆಳಗಣದು ಮೇಲೆ ಬಂದು, ನೆಲವು ತನ್ನನ್ನು ತಾನೇ ಉತ್ತುಕೊಂಡಂತಾಗುತ್ತದೆ. ಆದರೆ ಅದರ ಮೇಲೆ ಏನನ್ನಾದರೂ ಸಮತಟ್ಟಾಗಿ ನಿಲ್ಲಿಸಬೇಕೆಂದು ಹೊರಟವನಿಗೆ ಈ ಏರಿಳಿತಕ್ಕಿಂತ ದೊಡ್ಡ ತೊಡಕು ಬೇರೊಂದಿಲ್ಲ.

ಈಚೆಗೆ ಹೀಗೆ ಸಮತಟ್ಟಾಗಿ ಹಾಸಬೇಕಾದ ಹೊಸ ವಸ್ತುವೊಂದು ಬಂದಿದೆ. ಅದೇ ಜನರು ಟರ್ಫ್ ಎಂದು ಕರೆಯುವ ಕೃತಕ ಹುಲ್ಲುಹಾಸು. ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯ್ದ ಬಟ್ಟೆಯೊಂದಕ್ಕೆ ಪೋಣಿಸಿ, ಹಿಂಬದಿಗೆ ಅಂಟು ಬಳಿದು, ಸುರುಳಿ ಸುತ್ತಿ ತರುವ ಜಮಖಾನೆಯೇ ಇದು. 1965ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮೇಲ್ಛಾವಣಿಯುಳ್ಳ ಬೃಹತ್ ಕ್ರೀಡಾಂಗಣವೊಂದು ತೆರೆಯಿತು. ಗಾಜಿನಂಥ ಹಲಗೆಗಳಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಅವಕ್ಕೆ ಬಣ್ಣ ಬಳಿದರು. ಬೆಳಕಿಲ್ಲದೆ ಒಳಗಿನ ಹುಲ್ಲು ಸತ್ತಿತು. ಮರುವರ್ಷ ಅಲ್ಲಿ ಹಾಸಿದ ಪ್ಲಾಸ್ಟಿಕ್ ಹುಲ್ಲು ಲೋಕಪ್ರಸಿದ್ಧವಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿ ಪಂದ್ಯಗಳನ್ನು ಮೊದಲ ಸಲ ಇಂಥ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನು ಗೆದ್ದಿದ್ದ ಭಾರತ ತಂಡ ಅಲ್ಲಿ 7ನೆಯ ಸ್ಥಾನಕ್ಕೆ ಇಳಿಯಿತು. ನೆಲವೊಂದೇ ಇದಕ್ಕೆ ಕಾರಣವೆಂದರೆ ಅತಿಯಾದೀತು; ಆದರೆ ಚೆಂಡು ಪುಟಿಯುವ ರೀತಿ, ಉರುಳುವ ವೇಗ ಎರಡೂ ಬದಲಾದುದಂತೂ ನಿಜ. ಮಣ್ಣಿನ ಅಂಗಳದಲ್ಲಿ ಕಲಿತ ಹುಡುಗರು ಪ್ಲಾಸ್ಟಿಕ್ ಅಂಗಳದಲ್ಲಿ ಪರೀಕ್ಷೆಗೆ ನಿಲ್ಲಬೇಕಾದ ಕಷ್ಟ ಅಂದಿನಿಂದ ಮೊದಲಾಯಿತು. ಈ ಕಾರಣದಿಂದಲೇ ಇಂದು ಚಿಕ್ಕ ಊರುಗಳ ಶಾಲೆ, ಸಂಘಗಳೂ ನಮಗೊಂದು ಹಾಸು ಬೇಕೆಂದು ಹಣ ಕೂಡಿಸಲು ತೊಡಗಿವೆ. ಆ ಹಣ ಒಂದೆರಡು ಮಳೆಗಾಲಗಳಲ್ಲಿ ಮಣ್ಣುಪಾಲಾಗುವುದೋ ಇಲ್ಲವೋ ಎಂಬುದನ್ನು ಹಾಸಿನ ಗುಣಕ್ಕಿಂತ ಕೆಳಗಣ ನೆಲವೇ ಹೆಚ್ಚಾಗಿ ನಿರ್ಧರಿಸುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ - 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲೂಕುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ನೆಲಕ್ಕೆ ಎರಡು ಹೆಸರುಗಳುಂಟು: ಒಂದು ಮಸಾರಿ, ಮತ್ತೊಂದು ಎರೆ. ಕೂಡ್ಲಿಗಿ, ಗುಡೇಕೋಟೆಗಳ ಸುತ್ತಣ ಬೆಣಚುಬಂಡೆಯ ಸೀಮೆಯಲ್ಲಿ ಬಂಡೆ ಶಿಥಿಲವಾಗಿ ಆದ ಕೆಂಪು ಮಸಾರಿಯೇ ಹೆಚ್ಚು. ತಗ್ಗು ಪ್ರದೇಶಗಳಲ್ಲಿ, ಹಳ್ಳಗಳ ಬದಿಯಲ್ಲಿ, ತುಂಗಭದ್ರೆಯ ಕಡೆಗೆ ಇಳಿಯುವ ಬಯಲುಗಳಲ್ಲಿ ಎರೆ ಕಾಣುತ್ತದೆ. ಒಂದೇ ಊರಿನ ಎರಡು ಮಗ್ಗುಲುಗಳಲ್ಲಿ ಎರಡು ಮಣ್ಣುಗಳಿರುವುದೂ ಅಪರೂಪವಲ್ಲ. ಆಟದ ಬಯಲಿಗೆ ಜಾಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಮಸಾರಿಯನ್ನೇ ಆರಿಸಿಕೊಳ್ಳಬೇಕೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಆದರೆ ಶಾಲೆಗೆ ದಾನವಾಗಿ ಬಂದ ನೆಲದ ಮಣ್ಣನ್ನು ಪರೀಕ್ಷಿಸಿ ಯಾರು ತಾನೆ ಸ್ವೀಕರಿಸುತ್ತಾರೆ?

ಎರೆ ಉಬ್ಬುವುದಕ್ಕೆ ಕಾರಣ ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ. ಫ್ರಾನ್ಸಿನ ಮಾಂಟ್‌ಮೊರಿಲ್ಲೊನ್ ಎಂಬ ಊರಿನಿಂದ ಇದಕ್ಕೆ ಈ ಹೆಸರು ಬಂದಿತು. ಇದರ ಕಣಗಳು ಹಾಳೆಗಳಂತಿರುತ್ತವೆ. ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಎರಡು ಸಿಲಿಕಾ ಪದರಗಳ ನಡುವೆ ಅಲ್ಯುಮಿನಾ ಪದರವೊಂದು ಸಿಕ್ಕಿಕೊಂಡು ಒಂದು ಹಾಳೆಯಾಗಿದೆ. ಹಾಳೆಗೆ ಸ್ವಲ್ಪ ಋಣ ವಿದ್ಯುದಾವೇಶವಿರುವುದರಿಂದ ಕ್ಯಾಲ್ಸಿಯಮ್, ಸೋಡಿಯಮ್ ಮೊದಲಾದ ಧನ ಅಯಾನುಗಳು ಹಾಳೆಗಳ ನಡುವೆ ಬಂದು ಕುಳಿತಿರುತ್ತವೆ. ನೀರು ಬಿದ್ದೊಡನೆ ಆ ಅಯಾನುಗಳು ನೀರಿನ ಅಣುಗಳನ್ನು ತಮ್ಮೆಡೆಗೆ ಸೆಳೆಯುತ್ತವೆ. ಹಾಳೆಗಳು ಒಂದರಿಂದೊಂದು ದೂರ ಸರಿಯುತ್ತವೆ. ಒಣಗಿದಾಗ ನೀರು ಹೊರಟು ಹಾಳೆಗಳು ಮತ್ತೆ ಕೂಡುತ್ತವೆ. ಒಂದು ಹಾಳೆಯ ಸರಿತ ಲೆಕ್ಕಕ್ಕೆ ಬಾರದು. ಆದರೆ ಒಂದು ಗ್ರಾಂ ಶುದ್ಧ ಖನಿಜದ ಹಾಳೆಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 800 ಚದರ ಮೀಟರ್ ಮೇಲ್ಮೈ ದೊರೆಯುತ್ತದೆ. ಮಡಕೆಗೆ ಒದಗುವ ಕಯೊಲಿನೈಟ್ ಜೇಡಿಯಲ್ಲಿ ಇದು 10ರಿಂದ 20 ಚದರ ಮೀಟರ್ ಮಾತ್ರ; ಅದರ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನೀರು ನಡುವೆ ನುಗ್ಗಲಾರದು. ಕೊಡಗಿನ ಪೊನ್ನಂಪೇಟೆ, ಸೋಮವಾರಪೇಟೆಗಳಲ್ಲಿ ಹಾಕಿಗಾಗಿ ಕೃತಕ ಹಾಸಿನ ಅಂಕಣಗಳಾಗಿವೆ. ಅಲ್ಲಿ ಮಳೆ ನಮ್ಮ ಈ ಸೀಮೆಯ ಹಲವು ಪಟ್ಟು. ಆದರೂ ಅಲ್ಲಿಯ ಕೆಂಪುನೆಲಕ್ಕೆ ಎರೆಯ ಈ ದುರ್ಗುಣವಿಲ್ಲ. ಮಳೆ ಕಡಮೆಯೆಂದು ಹರಪನಹಳ್ಳಿಯವರು ನಿಶ್ಚಿಂತರಾಗಿರುವಂತಿಲ್ಲ.

ನಮ್ಮ ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ದೊಡ್ಡ ಪ್ರಯೋಗಶಾಲೆ ಬೇಡ. ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ ಒಂದು ಸುಲಭ ಪರೀಕ್ಷೆಯುಂಟು. ಯಾವ ಕಾಲೇಜಿನಲ್ಲಾದರೂ ಮಾಡಬಹುದು. ಒಣಗಿಸಿ ಸಣ್ಣ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಜಾಡಿಗಳಿಗೆ ಹಾಕಿ, ಒಂದಕ್ಕೆ ಬಟ್ಟಿಯಿಳಿಸಿದ ನೀರನ್ನೂ ಮತ್ತೊಂದಕ್ಕೆ ಸೀಮೆಎಣ್ಣೆಯನ್ನೂ 100 ಮಿಲಿಲೀಟರಿನ ಗುರುತಿನವರೆಗೆ ತುಂಬಬೇಕು. ಸೀಮೆಎಣ್ಣೆಯ ಅಣುಗಳಿಗೆ ಹಾಳೆಗಳ ನಡುವೆ ನುಗ್ಗುವ ಒಲವಿಲ್ಲವಾದುದರಿಂದ ಅದರಲ್ಲಿ ಮಣ್ಣು ಉಬ್ಬದು. ಒಂದು ದಿನ ಬಿಟ್ಟು ಎರಡರಲ್ಲಿಯೂ ಮಣ್ಣು ಆಕ್ರಮಿಸಿದ ಗಾತ್ರವನ್ನು ಓದಬೇಕು. ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್, ನೀರಿನಲ್ಲಿ 18 ಮಿಲಿಲೀಟರ್ ಎಂದಿಟ್ಟುಕೊಂಡರೆ ಉಬ್ಬು ನೂರಕ್ಕೆ 80. ಈ ಸಂಖ್ಯೆ 50ನ್ನು ದಾಟಿದಲ್ಲಿ ಬರಿಯ ಜಲ್ಲಿ ಹರಡಿ ಮೇಲೆ ಹಾಸನ್ನು ಬಿಡಿಸುವ ಯೋಚನೆಯನ್ನು ಕೈಬಿಡುವುದೇ ಲೇಸು.

ಭಾರ ಹೇರಿ ಉಬ್ಬನ್ನು ಅದುಮಬಾರದೇ ಎಂದು ಕೇಳಬಹುದು. ತೀರ ಒಣಗಿದ ಎರೆಯು ನೀರು ಕುಡಿದಾಗ ಚದರ ಮೀಟರಿಗೆ 20 ಟನ್ನುಗಳಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಒತ್ತಡದಿಂದ ಮೇಲಕ್ಕೆ ನೂಕಬಲ್ಲುದು. ಹಾಸಿನ ಕೆಳಗೆ 60 ಸೆಂಟಿಮೀಟರ್ ಜಲ್ಲಿ, ಗರಸುಗಳಿದ್ದರೂ ಅದರ ತೂಕ ಚದರ ಮೀಟರಿಗೆ ಸುಮಾರು 1.2 ಟನ್. ಮಹಡಿಮನೆಯ ಗೋಡೆಯಾದರೂ ಸ್ವಲ್ಪ ಎದುರು ನಿಂತೀತು. ಜಮಖಾನೆಗೆ ಆ ಶಕ್ತಿ ಎಲ್ಲಿಯದು?

ಇನ್ನು ಅಂಚಿನ ಕಟ್ಟೆಯ ವಿಚಾರ. ಹಾಸಿನ ಸುತ್ತ ಒಂದು ಗೇಣಿನಷ್ಟು ಎತ್ತರದ ಕಟ್ಟೆಯನ್ನು ಕಟ್ಟುವುದು ವಾಡಿಕೆ. ಅದು ಅಲಂಕಾರಕ್ಕೆ ಮಾತ್ರವಲ್ಲ. ಹಾಸಿನ ಎಳೆಗಳ ನಡುವೆ ತುಂಬಿದ ಮರಳು ಹೊರಚೆಲ್ಲದಂತೆಯೂ, ಮಳೆಯಲ್ಲಿ ಹೊರಗಿನ ಕರಿಯ ರಾಡಿ ಒಳನುಗ್ಗಿ ಹಾಸಿನ ರಂಧ್ರಗಳನ್ನು ಕಟ್ಟದಂತೆಯೂ ಅದು ಕಾಯುತ್ತದೆ. ಆದರೆ ಹೊರಗಿನ ನೀರನ್ನು ತಡೆಯುವ ಕಟ್ಟೆ ಒಳಗಿನ ನೀರನ್ನೂ ತಡೆಯುತ್ತದೆ. 30 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿದ್ದರೆ 30,000 ಲೀಟರ್ ನೀರಾಯಿತು. ಅದನ್ನು ಕೆಳಗಿನ ಎರೆ ಹೀರಿಕೊಂಡೀತೆಂದು ನಂಬುವುದು ತಪ್ಪು. ನೆನೆದು ಮುಚ್ಚಿಕೊಂಡ ಒಳ್ಳೆಯ ಜೇಡಿಯಲ್ಲಿ ನೀರು ದಿನಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಕೂಡ ಇಳಿಯಲಾರದು. ಈ ಲೆಕ್ಕದಲ್ಲಿ ಆ ಒಂದು ಸಂಜೆಯ ಮಳೆ ಇಂಗಲು ಒಂದೂವರೆ ವರ್ಷವಾದರೂ ಬೇಕು. ಬೇಸಗೆಯ ಬಿರುಕುಗಳಿದ್ದಾಗ ಮಾತ್ರ ಮೊದಲ ಮಳೆ ಸರಕ್ಕನೆ ಒಳಗಿಳಿಯುತ್ತದೆ. ಆಗಂತೂ ಇನ್ನೂ ಕೇಡು. ಬಿರುಕಿದ್ದ ಕಡೆ ನೆಲ ಬೇಗ ಉಬ್ಬಿ, ಇಲ್ಲದ ಕಡೆ ಹಾಗೆಯೇ ಉಳಿದು, ಹಾಸಿನ ಮೇಲೆ ಹೆಬ್ಬಾವು ಮಲಗಿದಂತೆ ಏಣುಗಳು ಏಳುತ್ತವೆ.

ಈ ಸಮಸ್ಯೆಯನ್ನು ನಮ್ಮ ಹಿರಿಯರು ಮಾಳಿಗೆಮನೆಗಳಲ್ಲಿ ಆಗಲೇ ಎದುರಿಸಿದ್ದರು. ಮಣ್ಣಿನ ಮಾಳಿಗೆಯ ಸುತ್ತ ಕುಂಬಿ ಇರುತ್ತದೆ; ಆದರೆ ಮಾಳಿಗೆಗೆ ಒಂದು ಕಡೆಗೆ ವಾಟವಿದ್ದು, ಕುಂಬಿಯಲ್ಲಿ ನೀರು ಹೊರಬೀಳಲು ಕಂಡಿಯೂ ಇರುತ್ತದೆ. ಕುಂಬಿಯುಂಟು, ಕಂಡಿಯಿಲ್ಲ ಎಂಬ ಮಾಳಿಗೆಯನ್ನು ಯಾರೂ ಕಟ್ಟಿದ್ದಿಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬಹುದು. ಮಾಳಿಗೆಯ ಮೇಲ್ಪದರಕ್ಕೆ ಅವರು ಚೌಳುಮಣ್ಣನ್ನು ಹುಡುಕಿ ತರುತ್ತಿದ್ದರು. ಸೋಡಿಯಮ್ ಹೆಚ್ಚಾಗಿರುವ ಈ ಮಣ್ಣು ನೀರು ತಾಗಿದೊಡನೆ ಅತಿ ಸೂಕ್ಷ್ಮ ಕಣಗಳಾಗಿ ಚದರಿ ರಂಧ್ರಗಳನ್ನೆಲ್ಲ ಮುಚ್ಚಿಬಿಡುವುದರಿಂದ ಸೋರಿಕೆ ನಿಲ್ಲುತ್ತದೆ. ರಸಾಯನವನ್ನು ಓದದೆಯೇ ಇದನ್ನು ಕಂಡುಕೊಂಡವರ ಜಾಣ್ಮೆಯನ್ನು ಮೆಚ್ಚಲೇಬೇಕು. ಅದೇ ಮಣ್ಣು ಹಾಸಿನ ಜಲ್ಲಿಯೊಳಕ್ಕೆ ಸೇರಿದರೆ ಮಾತ್ರ ಅನಾಹುತ.

ಹಾಗಾದರೆ ಎರೆಯ ಮೇಲೆ ಹಾಸುವ ಕ್ರಮವೇನು? ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ಈ ಬಗೆಗೆ ದೀರ್ಘವಾಗಿ ಪ್ರಯೋಗಗಳನ್ನು ನಡೆಸಿದರು. ನಮ್ಮ ಮಲಪ್ರಭಾ ಯೋಜನೆಯ ಕಾಲುವೆಗಳು ಎರೆಯಲ್ಲಿ ಹಾದುಹೋಗುವಾಗ ಅವುಗಳ ಒಳಮೈಯ ಕಲ್ಲು, ಕಾಂಕ್ರೀಟು ಹಾಸುಗಳು ಎದ್ದು ಒಡೆಯುತ್ತಿದ್ದುದು ಈ ಅನ್ವೇಷಣೆಯ ಹಿನ್ನೆಲೆಗಳಲ್ಲೊಂದು. ಉಬ್ಬುವ ಮಣ್ಣಿನ ಮೇಲೆ, ಅಂಟುಗುಣವುಳ್ಳ ಆದರೆ ತಾನು ಉಬ್ಬದ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಕುಟ್ಟಿ ಹರಡಿದರೆ ಮೇಲ್ಮೈಯ ಚಲನೆ ಬಹುಮಟ್ಟಿಗೆ ಅಡಗುವುದೆಂದು ಅವರು ತೋರಿಸಿದರು. ಈ ಪದ್ಧತಿ ಮುಂದೆ ಕಾಲುವೆಗಳ ಭಾರತೀಯ ಮಾನಕದಲ್ಲಿಯೂ ಸೇರಿತು. ನಮ್ಮ ಸೀಮೆಯಲ್ಲಿ ಗರಸು ಬೆರೆತ ಕೆಂಪುಮಣ್ಣು ಈ ಕೆಲಸಕ್ಕೆ ಒದಗಬಹುದು; ಮೇಲೆ ಹೇಳಿದ ಜಾಡಿಯ ಪರೀಕ್ಷೆಯನ್ನು ಅದಕ್ಕೂ ಮಾಡಿ ನೋಡಿಯೇ ತರಬೇಕು. ಆದರೆ ವೆಚ್ಚವನ್ನು ಗಮನಿಸಿ: 600 ಚದರ ಮೀಟರಿನ ಅಂಕಣಕ್ಕೆ 600 ಘನಮೀಟರ್ ಮಣ್ಣು. ಟ್ರಾಕ್ಟರಿನ ಒಂದು ಹೇರಿಗೆ 3 ಘನಮೀಟರ್ ಎಂದರೂ 200 ಹೇರು. ಕುಟ್ಟಿದ ಮೇಲೆ ಅಷ್ಟು ಉಳಿಯಬೇಕಾದರೆ ಇನ್ನೂ ಹೆಚ್ಚು. ಹಾಸಿನ ಬೆಲೆಯನ್ನಷ್ಟೇ ಕೇಳಿ ಹಣ ಕೂಡಿಸಿದವರು ಇಲ್ಲಿ ಬೆಚ್ಚಿಬೀಳುವುದುಂಟು. ಅಷ್ಟು ದಪ್ಪ ಸಾಧ್ಯವಿಲ್ಲದಿದ್ದರೆ, ಮೇಲಣ ಎರೆಗೆ ನೂರಕ್ಕೆ ಮೂರರಿಂದ ಆರು ಪಾಲು ಸುಣ್ಣವನ್ನು ಬೆರೆಸಿ ಕುಟ್ಟುವುದು ಮತ್ತೊಂದು ದಾರಿ. ಸುಣ್ಣದ ಕ್ಯಾಲ್ಸಿಯಮ್ ಹಾಳೆಗಳ ನಡುವಣ ಸೋಡಿಯಮ್ಮನ್ನು ಹೊರದೂಡಿ ಅವುಗಳನ್ನು ಹತ್ತಿರ ಹಿಡಿಯುತ್ತದೆ. ದಿನಗಳು ಕಳೆದಂತೆ ಗಾರೆಯಂಥ ಬಂಧವೂ ಬೆಳೆಯುತ್ತದೆ.

ಇಷ್ಟರಿಂದಲೇ ಎಲ್ಲವೂ ಆಯಿತೆನ್ನಲಾಗದು. ನೆನೆದು ಒಣಗುವ ಚಕ್ರ ಮತ್ತೆ ಮತ್ತೆ ನಡೆದರೆ ಕೆಂಪುಮಣ್ಣಿನ ಹೊದಿಕೆಯ ಪ್ರಯೋಜನ ಕುಂದುತ್ತ ಹೋಗುವುದೆಂದು ಅನಂತರದ ಪ್ರಯೋಗಗಳು ತಿಳಿಸಿವೆ. ಆದುದರಿಂದ ಕೆಳಗಣ ಎರೆಯ ತೇವ ವರ್ಷವಿಡೀ ಒಂದೇ ಸಮನಾಗಿರುವಂತೆ ನೋಡಿಕೊಳ್ಳುವುದೇ ಮೂಲ ಉಪಾಯ. ತೀರ ಒಣಗಿದ ಎರೆಯನ್ನು ಏಪ್ರಿಲಿನಲ್ಲಿ ಕುಟ್ಟಿ ಮುಚ್ಚಿದರೆ ಮುಂದೆ ಅದು ಉಬ್ಬಲೇಬೇಕು. ಹಿಂಗಾರು ಮುಗಿದು ನೆಲದಲ್ಲಿ ಇನ್ನೂ ಹಸಿ ಇರುವ ನವೆಂಬರ್, ಡಿಸೆಂಬರ್ ತಿಂಗಳುಗಳೇ ಮಣ್ಣುಕೆಲಸಕ್ಕೆ ತಕ್ಕ ಕಾಲ. ಬೇರು ಕಸಗಳಿರುವ ಮೇಲ್ಮಣ್ಣನ್ನು ತೆಗೆದು, ನಡುವೆ ಎತ್ತರ, ಬದಿಗಳಿಗೆ ಇಳುಕಲು ಬರುವಂತೆ ತಳವನ್ನು ತಿದ್ದಬೇಕು. ನೂರಕ್ಕೆ ಒಂದರ ಇಳುಕಲು ಸಾಕು. 20 ಮೀಟರ್ ಅಗಲದ ಅಂಕಣದಲ್ಲಿ ನಡುಭಾಗ ಅಂಚಿಗಿಂತ 10 ಸೆಂಟಿಮೀಟರ್ ಎತ್ತರವಿದ್ದರೆ ಆಡುವವರ ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಕುಟ್ಟಿದ ಮಣ್ಣಿನ ಮೇಲೆ ನೇಯದ ಪ್ಲಾಸ್ಟಿಕ್ ಬಟ್ಟೆ, ಅದರ ಮೇಲೆ 15 ಸೆಂಟಿಮೀಟರ್ ಜಲ್ಲಿ, ಕೊನೆಗೆ ಸಣ್ಣ ಜಲ್ಲಿಪುಡಿಯ ತೆಳುಪದರ. ಜಲ್ಲಿಯೊಳಗೆ ಅಂಚಿನುದ್ದಕ್ಕೂ ತೂತುಕೊಳವೆಯನ್ನಿಟ್ಟು, ನೀರನ್ನು ಅಂಕಣದಿಂದ ದೂರದ ಚರಂಡಿಗೆ ಸಾಗಿಸಬೇಕು.

ಕಟ್ಟೆಯೇ ಮೊದಲು ಬಿರಿಯುವುದೇಕೆಂದು ಈಗ ಹೇಳಬಹುದು. ಮುಚ್ಚಿದ ನೆಲದ ನಡುಭಾಗಕ್ಕೆ ಬಿಸಿಲು ತಾಗದೆ ಅದರ ತೇವ ಹೆಚ್ಚು ಬದಲಾಗುವುದಿಲ್ಲ. ಅಂಚಿನಲ್ಲಾದರೋ ಬೇಸಗೆಯಲ್ಲಿ ನೆಲ ಕುಗ್ಗಿ ಇಳಿಯುತ್ತದೆ, ಮಳೆಗಾಲದಲ್ಲಿ ಏಳುತ್ತದೆ. ಅತ್ಯಂತ ಚಂಚಲವಾದ ಈ ಜಾಗದಲ್ಲಿಯೇ ನಾವು ಅತ್ಯಂತ ಬಿಗಿಯಾದ, ಒಂದಿಷ್ಟೂ ಬಾಗದ ವಸ್ತುವನ್ನು ಕಟ್ಟುತ್ತೇವೆ. ಕಟ್ಟೆಯನ್ನು ಎರೆಯ ಮೇಲೆ ಕೂರಿಸದೆ ಕೆಂಪುಮಣ್ಣಿನ ಹಾಸಿನೊಳಗೇ ಕೂರಿಸಿ, ಆ ಹಾಸನ್ನು ಕಟ್ಟೆಯಿಂದ ಹೊರಕ್ಕೆ ಇನ್ನೂ ಒಂದೂವರೆ ಮೀಟರ್ ಮುಂದುವರಿಸಿ, ಅದರ ಮೇಲೆ ಕಡಪಕಲ್ಲನ್ನೋ ಕಾಂಕ್ರೀಟನ್ನೋ ಹೊರಕ್ಕೆ ಇಳುಕಲಾಗಿ ಹಾಸಿದರೆ ಚಂಚಲವಾದ ಅಂಚು ಕಟ್ಟೆಯಿಂದಾಚೆಗೆ ಸರಿಯುತ್ತದೆ. ಕಟ್ಟೆಯನ್ನು ಒಂದೇ ಉದ್ದಕ್ಕೆ ಕಟ್ಟದೆ ಮೂರು ಮೀಟರಿಗೊಂದು ಸಂದನ್ನು ಬಿಡಬೇಕು. ಹಾಸಿನ ಮಟ್ಟದಲ್ಲಿಯೇ ಕಂಡಿಗಳಿರಬೇಕು. ಕಂಡಿಗೆ ಸಣ್ಣ ಜಾಲರಿ ಹಾಕಿದರೆ ಮರಳು ಒಳಗೇ ನಿಲ್ಲುತ್ತದೆ. ಮರಗಳನ್ನು ಅವುಗಳ ಎತ್ತರದಷ್ಟಾದರೂ ದೂರದಲ್ಲಿ ಬೆಳೆಸುವುದು ಕ್ಷೇಮ. ಬೇವಿನ ನೆರಳು ಹಿತವೇ ಹೌದು, ಆದರೆ ಅದರ ಬೇರು ಒಂದು ಮೂಲೆಯ ತೇವವನ್ನಷ್ಟೇ ಹೀರಿ ಆ ಮೂಲೆಯನ್ನು ಕುಸಿಸುತ್ತದೆ. ಕುಡಿಯುವ ನೀರಿನ ನಲ್ಲಿಯನ್ನು ಕಟ್ಟೆಗೆ ಹೊಂದಿಸಿ ಇಡುವುದು ಇದರ ವಿರುದ್ಧವಾದ ತಪ್ಪು.

ಬಿಸಿಲಿನ ಮಾತನ್ನೂ ಆಡಬೇಕು. ನಿಜವಾದ ಹುಲ್ಲು ಬೇಸಗೆಯಲ್ಲಿ ಒಂದು ಚದರ ಮೀಟರಿನಿಂದ ದಿನಕ್ಕೆ ಸುಮಾರು 5 ಲೀಟರ್ ನೀರನ್ನು ಆವಿ ಮಾಡಬಲ್ಲುದು. ಒಂದು ಲೀಟರ್ ಆವಿಯಾಗಲು 24 ಲಕ್ಷ ಜೂಲ್ ಬೇಕಾದುದರಿಂದ, ಬಿದ್ದ ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಹೀಗೆಯೇ ವ್ಯಯವಾಗುತ್ತದೆ. ಪ್ಲಾಸ್ಟಿಕ್ ಹುಲ್ಲಿಗೆ ಬೆವರಿಲ್ಲ. ಗಾಳಿ 40 ಡಿಗ್ರಿಯಿರುವ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿಯನ್ನು ಮೀರಿ ಕಾಯುತ್ತದೆ. ಬರಿಗಾಲಿನ ಮಕ್ಕಳನ್ನು ಆಗ ಅದರ ಮೇಲೆ ನಿಲ್ಲಿಸಬಾರದು. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ತಣಿಯುತ್ತದೆ, ಆದರೆ ದಿನವೂ ಬಿಂದಿಗೆಗಟ್ಟಲೆ ಸುರಿದ ನೀರು ಕೊನೆಗೆ ಹೋಗುವುದು ಎರೆಗೇ. ಬೆಳಗ್ಗೆ, ಸಂಜೆ ಆಡುವುದೇ ನಮ್ಮ ಸೀಮೆಗೆ ಹೊಂದುವ ಉಪಾಯ. ಇದೇ ಕಾವು ಹಾಸನ್ನು ಹಿಗ್ಗಿಸುತ್ತದೆ ಕೂಡ. ಹಿಂಬದಿಯ ಬಟ್ಟೆ ಡಿಗ್ರಿಗೆ ಹತ್ತು ಸಾವಿರದಲ್ಲೊಂದು ಪಾಲು ಹಿಗ್ಗುವುದೆಂದರೂ, ನಸುಕಿನಿಂದ ನಡುಹಗಲಿಗೆ 40 ಡಿಗ್ರಿ ಏರುವಾಗ, ಬಿಡಿಯಾಗಿದ್ದ ಪಕ್ಷದಲ್ಲಿ 20 ಮೀಟರಿನ ಸುರುಳಿ 8 ಸೆಂಟಿಮೀಟರ್ ಬೆಳೆಯಬೇಕು. ಅದನ್ನು ಹಿಡಿದಿಡುವುದು ತುಂಬಿದ ಮರಳಿನ ತೂಕ ಮತ್ತು ತಳದ ಘರ್ಷಣೆ. ಚಳಿಯ ಬೆಳಗಿನಲ್ಲಿ ಬಿಗಿಯಾಗಿ ಅಂಟಿಸಿದ ಹಾಸು ಮಧ್ಯಾಹ್ನ ಸುಕ್ಕಾಗುತ್ತದೆ. ಉರಿಬಿಸಿಲಿನಲ್ಲಿ ಅಂಟಿಸಿದುದು ರಾತ್ರಿ ಸೆಳೆದು ಹೊಲಿಗೆಯನ್ನು ಬಿಡಿಸುತ್ತದೆ. ಸುರುಳಿಯನ್ನು ಬಿಚ್ಚಿ ಕೆಲವು ಗಂಟೆ ಹಾಗೆಯೇ ಬಿಟ್ಟು, ಹೊತ್ತಿಳಿದ ಮೇಲೆ ಅಂಚನ್ನು ಕತ್ತರಿಸಬೇಕು.

ಮರಳಿನ ಬದಲು ರಬ್ಬರು ಚೂರುಗಳನ್ನು ತುಂಬುವ ಪದ್ಧತಿಯೂ ಇದೆ. ಅವು ಕೊಚ್ಚಿಹೋಗಿ ನೆಲ, ನೀರುಗಳನ್ನು ಸೇರುವುದರಿಂದ ಯುರೋಪಿನ ಒಕ್ಕೂಟವು 2023ರಲ್ಲಿ ಇಂಥ ಚೂರುಗಳ ಮಾರಾಟವನ್ನು 8 ವರ್ಷಗಳ ಗಡುವಿನೊಡನೆ ನಿಷೇಧಿಸಿತು. ಸುತ್ತಲೂ ಉಳುವ ಹೊಲಗಳಿರುವ ನಮ್ಮ ಊರುಗಳಲ್ಲಿ ಮರಳೇ ಮೇಲು.

ಇನ್ನು ದುರಸ್ತಿ. ಹಾಸಿನ ಮೇಲೆ ತಗ್ಗೋ ದಿನ್ನೆಯೋ ಕಂಡೊಡನೆ ಅದನ್ನು ಕಿತ್ತು ಸಮಮಾಡಲು ಹೊರಡುವವರೇ ಹೆಚ್ಚು. ಅದು ಎರೆಯ ಋತುಚಲನೆಯೋ, ಇಲ್ಲವೇ ಜಲ್ಲಿ ಸರಿಯಾಗಿ ಕುಟ್ಟದೆ ಕುಸಿದುದೋ ಎಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯೇ ಸಾಕು. ಅದರ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಷ್ಟೆ. ಒಂದು ತುದಿಯನ್ನು ಎಂದೂ ಅಲುಗದ ಗುರುತಿಗೆ ಹಿಡಿಯಬೇಕು. ಸುತ್ತಣ ಕಟ್ಟಡಗಳೂ ಎರೆಯ ಮೇಲೆಯೇ ಇದ್ದರೆ ಅವನ್ನು ನಂಬುವಂತಿಲ್ಲ. ಬಂಡೆಯವರೆಗೆ ಇಳಿದಿರುವ ಕೊಳವೆಬಾವಿಯ ಉಕ್ಕಿನ ಕೊಳವೆ ಹತ್ತಿರದಲ್ಲಿದ್ದರೆ ಅದೇ ಉತ್ತಮ. ಅಂಕಣದಲ್ಲಿ ಇಪ್ಪತ್ತು ಜಾಗಗಳನ್ನು ಗೊತ್ತುಮಾಡಿಕೊಂಡು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ಮೇ ತಿಂಗಳಲ್ಲಿ ಇಳಿದು ಅಕ್ಟೋಬರಿನಲ್ಲಿ ಮತ್ತೆ ಏರುವ ಜಾಗಗಳು ಯಾವುವು, ಇಳಿದುದು ಮರಳಿ ಏರದೆ ಉಳಿದ ಜಾಗಗಳು ಯಾವುವು ಎಂಬುದು ಒಂದು ವರ್ಷದಲ್ಲಿ ಸ್ಪಷ್ಟವಾಗುತ್ತದೆ.

ಏರಿಳಿಯುವ ಜಾಗದಲ್ಲಿ ಹಾಸನ್ನು ಮುಟ್ಟಿ ಫಲವಿಲ್ಲ. ಬೇಸಗೆಯ ತಗ್ಗಿಗೆ ಜಲ್ಲಿ ತುಂಬಿದರೆ ಮಳೆಗಾಲದಲ್ಲಿ ಅದೇ ದಿನ್ನೆಯಾಗುತ್ತದೆ. ಅಲ್ಲಿ ಕೆಲಸವಿರುವುದು ಹೊರಗೆ: ಮುಚ್ಚಿದ ಕಂಡಿಯನ್ನು ತೆರೆಯುವುದು, ಒಡೆದ ಕೊಳವೆಯನ್ನು ಬದಲಿಸುವುದು, ಅಂಚಿನಾಚೆ ಒಂದು ಮೀಟರ್ ಆಳದ ಕಾಲುವೆ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ಮುಚ್ಚುವುದು. ಬಿರಿದ ಕಟ್ಟೆಗೆ ಸಿಮೆಂಟು ಮೆತ್ತಿದರೆ ಮುಂದಿನ ಬೇಸಗೆಯಲ್ಲಿ ಅದರ ಪಕ್ಕದಲ್ಲಿಯೇ ಇನ್ನೊಂದು ಬಿರುಕು ಮೂಡುತ್ತದೆ. ಆ ಬಿರುಕನ್ನೇ ನೇರವಾಗಿ ಕೊರೆದು ಸಂದನ್ನಾಗಿ ಮಾಡಿ, ಬಾಗುವ ಅಂಟನ್ನು ತುಂಬುವುದು ಜಾಣತನ.

ಮರಳಿ ಏರದ ತಗ್ಗನ್ನು ಮಾತ್ರ ಬಿಚ್ಚಿ ಸರಿಪಡಿಸಬೇಕು. ಹತ್ತಿರದ ಸೇರುವೆಯಿಂದ ಹಾಸನ್ನು ಬಿಡಿಸಿ, ಮರಳನ್ನು ಗುಡಿಸಿ, ಹಿಂದಕ್ಕೆ ಸುತ್ತಿ, ಜಲ್ಲಿಪುಡಿಯನ್ನು ತೆಳುಪದರಗಳಾಗಿ ನೀರು ಚಿಮುಕಿಸಿ ಕುಟ್ಟಬೇಕು. ಅಗ್ಗವೆಂದು ಪಕ್ಕದ ಎರೆಮಣ್ಣನ್ನು ತುಂಬಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಮತ್ತೆ ಹಾಸುವಾಗ ಎಳೆಗಳು ಬಾಗಿರುವ ದಿಕ್ಕು ಸುತ್ತಲಿನದರಂತೆಯೇ ಇರಬೇಕು, ಇಲ್ಲವಾದರೆ ತೇಪೆ ದೂರದಿಂದಲೇ ಬೇರೆ ಬಣ್ಣವಾಗಿ ಕಾಣುತ್ತದೆ. ಸೇರುವೆಯ ಕೆಳಗೆ ಹೊಸ ಪಟ್ಟಿಯನ್ನಿಟ್ಟು, ಒಣಹವೆಯಲ್ಲಿ ಅಂಟು ಬಳಿದು, ಎರಡು ಅಂಚುಗಳ ನಡುವೆ ಎಳೆ ಸಿಕ್ಕದಂತೆ ಕೂಡಿಸಿ, ಮೇಲೆ ಮರಳಿನ ಚೀಲಗಳನ್ನು ಸಾಲಾಗಿಟ್ಟು ಒಂದು ದಿನ ಬಿಡಬೇಕು. ಚೀಲ ತೆಗೆದ ಮೇಲೆ ಗುಡಿಸಿಟ್ಟ ಮರಳನ್ನು ತೆಳ್ಳಗೆ ಹರಡಿ, ಎಳೆಗಳು ಎದ್ದುನಿಲ್ಲುವವರೆಗೆ ಗಡುಸಾದ ಪೊರಕೆಯಿಂದ ಎದುರು ದಿಕ್ಕಿಗೆ ತಿಕ್ಕಿದರೆ ಸಂಜೆಯ ಆಟಕ್ಕೆ ಅಂಕಣ ಸಿದ್ಧ.